ತಮಟೆ ಕಾಯಿಸೋಕೆ ಜಾಗ ಎಲ್ಲಿ? ಕೋಲಾರದ ಕಲಾ ಕೇಂದ್ರ ಮತ್ತು ಕ್ಯುರೇಟರ್ ಕೆಲಸ

ಕೆಲವು ವರ್ಷಗಳ ಹಿಂದೆ ಕೋಲಾರದ ಒಂದು ಸಭಾಂಗಣದಲ್ಲಿ ಚಿತ್ರಕಲಾ ಪ್ರದರ್ಶನ ಇತ್ತು. ಚಿತ್ರ ತೂಗುಹಾಕಲು ಕೈ ಜೋಡಿಸೋಣ ಅಂತ ನಾನೂ ಹೋಗಿದ್ದೆ. ಉದ್ಘಾಟನೆಗೆ ತಮಟೆ ತಂಡ ಬಂದಿತ್ತು. ಆರು ಜನ. ಹಿಂದಿನ ರಾತ್ರಿ ಮಳೆ ಸುರಿದು ಹವೆ ತಣ್ಣಗಿತ್ತು. ಅಂಥ ಹವೆಯಲ್ಲಿ ತಮಟೆಯ ಚರ್ಮ ಸಡಿಲವಾಗುತ್ತದೆ. ಎಷ್ಟು ಬಡಿದರೂ ಸದ್ದು ಏಳುವುದಿಲ್ಲ. ಬೆಂಕಿ ಹಾಕಿ ಕಾಯಿಸಲೇಬೇಕು.

ಆವರಣದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ ಅಂತ ಕಾವಲಿನವರು ಹೇಳಿದರು. ಅವರದ್ದೇನೂ ತಪ್ಪಿಲ್ಲ, ಇದ್ದ ನಿಯಮ ಹೇಳಿದರು. ತಂಡದ ಹಿರಿಯರು ವಾದಕ್ಕೆ ಹೋಗಲಿಲ್ಲ. ಗೇಟಿನಾಚೆ ಚರಂಡಿ ಪಕ್ಕ ಒಣಗಿದ ತೆಂಗಿನ ಗರಿ, ಹಳೇ ಪೇಪರ್ ಗುಡ್ಡೆ ಹಾಕಿದರು. ಉರಿ ಎದ್ದ ಮೇಲೆ ತಮಟೆಯನ್ನು ಅದಕ್ಕೆ ಒಡ್ಡಿ ನಿಧಾನವಾಗಿ ತಿರುಗಿಸಿದರು. ಆಗಾಗ ಬೆರಳಲ್ಲಿ ತಟ್ಟಿ, ಕಿವಿಯ ಹತ್ತಿರ ಹಿಡಿದು ಹದ ನೋಡಿದರು. ಒಳಗಿನಿಂದ ಎರಡು ಸಲ ಕರೆ ಬಂತು, "ಬೇಗ ಬನ್ರಿ, ಸಾಹೇಬ್ರು ಕಾಯ್ತಿದಾರೆ." ಅರ್ಧ ಕಾದ ತಮಟೆಯಲ್ಲೇ ಐದು ನಿಮಿಷ ಬಾರಿಸಿ ಅವರು ಹೊರಟರು.

ಒಳಗೆ ದೀಪ ಬೆಳಗಿಸಲು ಬೆಂಕಿ ಬೇಕು ಅಂತ ಯಾರೋ ಮೊದಲೇ ಯೋಚಿಸಿ ಬೆಂಕಿಪೆಟ್ಟಿಗೆ ತಂದಿಟ್ಟಿದ್ದರು. ತಮಟೆಗೂ ಬೆಂಕಿ ಬೇಕು ಅಂತ ಯೋಚಿಸುವ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಆ ಹೊಣೆ ಹೊರುವವರ ಬಗ್ಗೆಯೇ ಈ ಲೇಖನ. ಕಲಾ ಲೋಕದಲ್ಲಿ ಅವರನ್ನು ಕ್ಯುರೇಟರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಪದ ಈಗ ಮಾಮೂಲು. ಜಿಲ್ಲೆಗಳಿಗೆ ಬಂದರೆ ಇಂಥದ್ದೊಂದು ಕೆಲಸ ಇದೆ ಅನ್ನುವುದೇ ಜಾಸ್ತಿ ಜನರಿಗೆ ಗೊತ್ತಿಲ್ಲ. ಕಲಾ ಕೇಂದ್ರ ಬೇಕು ಅಂತ ನಾವು ಕೇಳುವಾಗ ಕಟ್ಟಡ ಕೇಳುತ್ತೇವೆ, ಜಾಗ ಕೇಳುತ್ತೇವೆ, ಅನುದಾನ ಕೇಳುತ್ತೇವೆ. ಅದನ್ನು ದಿನಾ ನಡೆಸುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಅಂತ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ನಮ್ಮ ಕಡೆ ಮದುವೆ ಮನೆಯಲ್ಲಿ ಒಬ್ಬರು ಇರುತ್ತಾರೆ. ಅವರು ಸ್ಟೇಜ್ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಯಾರಿಗೆ ಪತ್ರಿಕೆ ತಲುಪಿಲ್ಲ, ಯಾರ ಪಕ್ಕ ಯಾರನ್ನು ಕೂರಿಸಬಾರದು, ಮೂರನೇ ಪಂಕ್ತಿಗೆ ಸಾರು ಸಾಲುತ್ತದಾ, ಯಾರು ಊಟ ಮಾಡದೆ ಹೊರಟರು, ಎಲ್ಲವೂ ಅವರ ತಲೆಯಲ್ಲೇ ಇರುತ್ತದೆ. ಕಲಾ ಕೇಂದ್ರದ ಮುಖ್ಯ ಕ್ಯುರೇಟರ್ ಕೆಲಸ ಬಹುಪಾಲು ಇದೇ. ಈ ವರ್ಷ ಯಾವ ವಿಷಯ ಹಿಡಿಯಬೇಕು, ಯಾವ ಕಲಾವಿದರಿಗೆ ಕೆಲಸ ಕೊಡಬೇಕು, ಯಾರ ಮನೆಯಿಂದ ಏನನ್ನು ಎರವಲು ತರಬೇಕು, ಪಕ್ಕದಲ್ಲಿ ಏನು ಬರೆಯಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು, ಯಾರಿಗೆ ಎಷ್ಟು ದುಡ್ಡು, ಎಲ್ಲವನ್ನೂ ತೀರ್ಮಾನ ಮಾಡಬೇಕು. ಆಮೇಲೆ ಯಾರಾದರೂ ಸಿಟ್ಟಾಗಿ ಬಂದು ಕೇಳಿದರೆ ಎದುರು ಕೂತು ಉತ್ತರ ಕೊಡಬೇಕು. ನಾಲ್ಕು ಒಳ್ಳೆ ಚಿತ್ರ ಆರಿಸುವುದು ಇದರಲ್ಲಿ ಒಂದು ಸಣ್ಣ ಪಾಲು.

ಕೋಲಾರದಿಂದ ಬೆಂಗಳೂರಿಗೆ 70 ಕಿಲೋಮೀಟರ್ ಆಸುಪಾಸು. ಅಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆಗೆಯಿತು. ಅದೇ ರಸ್ತೆಯಲ್ಲಿ ಸರ್ಕಾರದ ವೆಂಕಟಪ್ಪ ಕಲಾ ಗ್ಯಾಲರಿ ಇದೆ. ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಮಾತು ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಸಣ್ಣ ಬಾಡಿಗೆಗೆ ಯಾರು ಬೇಕಾದರೂ ತಮ್ಮ ಕೆಲಸ ತೋರಿಸಬಹುದಾದ ಜಾಗ ಅದು, ಅದನ್ನು ಕಳೆದುಕೊಳ್ಳಬಾರದು ಅನ್ನುವುದು ಅವರ ಹಟವಾಗಿತ್ತು. ಆ ಜಗಳದ ಒಳಗಿದ್ದ ಪ್ರಶ್ನೆ ಸರಳ. ಸಾರ್ವಜನಿಕರ ಗೋಡೆಯ ಮೇಲೆ ಏನು ಇರಬೇಕು ಅಂತ ತೀರ್ಮಾನ ಮಾಡುವವರು ಯಾರು?

ಕೋಲಾರದಲ್ಲಿ ಈ ಪ್ರಶ್ನೆ ಕೇಳುವುದಕ್ಕೂ ಗೋಡೆ ಇಲ್ಲ. ರಂಗಮಂದಿರ ಇದೆ. ಅಲ್ಲಿ ನಾಟಕ ನಡೆಯುತ್ತದೆ, ಜಯಂತಿ ನಡೆಯುತ್ತದೆ, ಶಾಲೆಗಳ ವಾರ್ಷಿಕೋತ್ಸವ ನಡೆಯುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಜಿಲ್ಲೆಯಲ್ಲಿ ಅಧಿಕಾರಿ ಇದ್ದಾರೆ. ಆದರೆ ಒಂದು ವಿಷಯವನ್ನು ಹಿಡಿದು, ಎರಡು ಮೂರು ವರ್ಷ ಅದರ ಬೆನ್ನು ಹತ್ತಿ, ಊರಿನ ಜನರ ಜೊತೆ ಕೂತು ಕೆಲಸ ಮಾಡುವ ಹುದ್ದೆ ಇಲ್ಲ. ದಿನಕ್ಕೊಂದು ಕಾರ್ಯಕ್ರಮ ಮುಗಿಸುವ ಒತ್ತಡದಲ್ಲಿರುವ ಕಚೇರಿಯಿಂದ ಅದನ್ನು ಕೇಳುವುದೂ ನ್ಯಾಯವಲ್ಲ.

ಹಾಗಂತ ಇಲ್ಲಿ ಏನೂ ಇಲ್ಲ ಅನ್ನಬೇಡಿ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಇದೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಅವರ ಗೆಳೆಯರು ಕಟ್ಟಿದ ಜಾಗ. ಅಲ್ಲಿನ ಹುಣ್ಣಿಮೆ ಹಾಡು ಈ ಸೀಮೆಯಲ್ಲಿ ಮನೆಮಾತು. ಹುಣ್ಣಿಮೆ ರಾತ್ರಿ ಬಂಡೆಗಳ ನಡುವೆ ನಾಟಕ, ಹಾಡು. ಅವರು ಕ್ಯುರೇಟರ್ ಅನ್ನುವ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಆದರೆ ಹುಣ್ಣಿಮೆ ರಾತ್ರಿಯನ್ನೇ ಆರಿಸಿಕೊಂಡರಲ್ಲ, ಅದು ನೂರಕ್ಕೆ ನೂರು ಕ್ಯುರೇಟರ್ ಬುದ್ಧಿ. ಹಗಲು ಕೂಲಿಗೆ ಹೋದವರು ಬರಬಹುದು. ಬೆಳಕಿಗೆ ದುಡ್ಡಿಲ್ಲ. ತಾರೀಖನ್ನು ಯಾರೂ ನೆನಪಿಸಬೇಕಿಲ್ಲ, ತಲೆ ಎತ್ತಿದರೆ ಸಾಕು.

ಈ ಸಮಯದ ಮಾತನ್ನು ಇನ್ನಷ್ಟು ಬೆಳೆಸಬೇಕು, ಯಾಕೆಂದರೆ ಅಲ್ಲೇ ಬಹಳಷ್ಟು ಕೇಂದ್ರಗಳು ಎಡವುತ್ತವೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ಅಲ್ಲಿನ ಕಾರ್ಮಿಕರ ಮಕ್ಕಳು ಕೆಲಸಕ್ಕೆ ಬೆಂಗಳೂರಿನ ರೈಲು ಹಿಡಿದರು. ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ಗಾಡಿಯಲ್ಲಿ ಕತ್ತಲಿರುವಾಗಲೇ ಹೋಗುತ್ತಾರೆ, ಕತ್ತಲಾದ ಮೇಲೆ ವಾಪಸ್ ಬರುತ್ತಾರೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಭಾನುವಾರ ರಜೆ, ಅಂತ ಬೋರ್ಡ್ ಹಾಕಿದ ಕೇಂದ್ರ ಅವರ ಪಾಲಿಗೆ ಮುಚ್ಚಿದ ಕೇಂದ್ರವೇ. ಅವರು ಎಚ್ಚರವಾಗಿ ಕೂತಿರುವ ಜಾಗ ರೈಲು ಬೋಗಿ. ಹಾಗಿದ್ದರೆ ಪ್ರದರ್ಶನದ ಒಂದು ತುಂಡು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಯಾಕೆ ಇರಬಾರದು? ಬೋಗಿಯಲ್ಲಿ ಕೇಳುವ ಹಾಗೆ ಫೋನಿಗೆ ಒಂದು ಧ್ವನಿ ಕಥೆ ಯಾಕೆ ಕಳಿಸಬಾರದು? ಸಮಕಾಲೀನ ಕಲೆ ಅಂದರೆ ಇವತ್ತು ಚೌಕಟ್ಟಿನ ಚಿತ್ರ ಒಂದೇ ಅಲ್ವಲ್ಲ. ಧ್ವನಿ, ವಿಡಿಯೋ, ನಡಿಗೆ, ಒಂದು ಕೋಣೆ ತುಂಬಾ ಜೋಡಿಸಿದ ವಸ್ತು, ಜನರ ಜೊತೆ ಮಾಡಿದ ಅಡುಗೆಯೂ ಅದರಲ್ಲಿ ಸೇರುತ್ತದೆ.

ಈಗ ತಮಟೆಗೆ ವಾಪಸ್ ಬರುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಯಾವ ಕಲಾ ಕೇಂದ್ರವೂ ತಮಟೆಯನ್ನು ಬಿಟ್ಟು ಇರಲಾರದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ಬಾರಿಸಿದ್ದಕ್ಕೆ. ಎಷ್ಟೋ ಮನೆಗಳಲ್ಲಿ ಅವತ್ತು ಖುಷಿಯಿಂದ ಕಣ್ಣು ತುಂಬಿತ್ತು. ಅದೇ ತಮಟೆ ಇನ್ನೂ ಹಲವು ಮನೆಗಳಲ್ಲಿ ನೋವಿನ ನೆನಪು. ಹೆಣದ ಮುಂದೆ ಬಾರಿಸುವುದು, ಊರಲ್ಲಿ ಸುದ್ದಿ ಸಾರುವುದು, ಜಾತ್ರೆಯಲ್ಲಿ ದೂರ ನಿಂತು ಬಡಿಯುವುದು, ಇವೆಲ್ಲ ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿ ಆಗಿದ್ದವು. "ಇನ್ನು ನಾವು ಬಾರಿಸಲ್ಲ" ಅಂತ ತಮಟೆ ಕೆಳಗಿಟ್ಟ ಯುವಕರು ಇದ್ದಾರೆ. ದಲಿತ ಹೋರಾಟದ ಸಭೆಗಳಲ್ಲಿ ಅದೇ ತಮಟೆ ಎದೆ ಎತ್ತಿ ಮೊಳಗಿದ್ದೂ ಇದೆ. ಕಾಲೇಜು ಹುಡುಗಿಯರು ಸೊಂಟಕ್ಕೆ ದುಪಟ್ಟಾ ಬಿಗಿದು ಬಾರಿಸುವುದೂ ಇದೆ.

ಇಂಥ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಲೈಟು ಬಿಟ್ಟು, "ತಮಟೆ, ಜಾನಪದ ವಾದ್ಯ" ಅಂತ ಬರೆದರೆ ಏನಾಗುತ್ತದೆ? ಈ ಜಗಳ, ಈ ಹೆಮ್ಮೆ, ಈ ನೋವು ಎಲ್ಲ ಹೊರಗೇ ಉಳಿಯುತ್ತದೆ. ವಸ್ತುವೂ ಸಾಯುತ್ತದೆ, ಕಾಯಿಸದ ಚರ್ಮ ಸುಮ್ನೆ ಜೋತು ಬೀಳುತ್ತದೆ. ಒಳ್ಳೆ ಕ್ಯುರೇಟರ್ ಬೇರೆ ದಾರಿ ಹುಡುಕುತ್ತಾರೆ. ಬಾರಿಸುವ ಅಣ್ಣನನ್ನೂ ಕೆಳಗಿಟ್ಟ ತಮ್ಮನನ್ನೂ ಒಂದೇ ಕೋಣೆಯಲ್ಲಿ ಮಾತಾಡಿಸುತ್ತಾರೆ, ಇಬ್ಬರ ಧ್ವನಿಯನ್ನೂ ಕೇಳಿಸುತ್ತಾರೆ. ಈಗ ಫೈಬರ್ ತಮಟೆ ಬಂದಿದೆ, ಅದಕ್ಕೆ ಬೆಂಕಿ ಬೇಕಿಲ್ಲ. ಅದರ ಸದ್ದನ್ನೂ ಚರ್ಮದ ಸದ್ದನ್ನೂ ಪಕ್ಕ ಪಕ್ಕ ಇಡಬಹುದು. ಕಟ್ಟಡದ ನಕ್ಷೆ ಹಾಕುವ ದಿನವೇ ಅಂಗಳದಲ್ಲಿ ಬೆಂಕಿ ಹಾಕಲು ಒಂದು ಕಲ್ಲಿನ ಕಟ್ಟೆ ಬೇಕು ಅಂತ ಇಂಜಿನಿಯರಿಗೆ ಹೇಳಬಹುದು. ಆ ಕಟ್ಟೆಯ ಸುತ್ತ ಕೂತು ಕಾಯಿಸುವುದನ್ನು ನೋಡುವುದೇ ಅರ್ಧ ಪ್ರದರ್ಶನ.

"ಸಮುದಾಯ, ಸಮುದಾಯ ಅಂತ ಹೊರಟರೆ ಕಲೆಯ ಗುಣಮಟ್ಟ ಇಳಿಯುತ್ತೆ" ಅನ್ನುವ ಮಾತನ್ನು ಕಲಾವಿದ ಗೆಳೆಯರಿಂದ ಆಗಾಗ ಕೇಳುತ್ತೇನೆ. ಅವತ್ತು ಸಭಾಂಗಣದಲ್ಲಿ ಗುಣಮಟ್ಟ ಇಳಿದದ್ದು ಯಾಕೆ? ಬಾರಿಸುವವರಿಗೆ ಇನ್ನು ಹದಿನೈದು ನಿಮಿಷ ಮತ್ತು ಒಂದು ಜಾಗ ಸಿಕ್ಕಿದ್ದರೆ ಸಾಕಾಗುತ್ತಿತ್ತು. ಗುಣಮಟ್ಟ ಕೆಡುವುದು ಕಾಳಜಿ ಇಲ್ಲದ ಕಡೆ.

ಇನ್ನೊಂದು ಮಾತು, "ನೀರಿಗೇ ಗತಿ ಇಲ್ಲದ ಜಿಲ್ಲೆಗೆ ಕಲಾ ಕೇಂದ್ರ ಯಾಕೆ?" ಇದಕ್ಕೆ ನೀರಿನಿಂದಲೇ ಉತ್ತರ ಕೊಡುತ್ತೇನೆ. ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವುದು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ಹರಿಯಿತು. ಒಣಗಿದ ಕೊಳವೆ ಬಾವಿಯಲ್ಲಿ ನೀರು ಬಂತು ಅಂತ ಖುಷಿಪಟ್ಟ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಹೋರಾಡುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಮಾತು ಇದೆ.

ಇದರ ಬಗ್ಗೆ ವರದಿ ಬಂದಿದೆ, ಕೇಸು ನಡೆದಿದೆ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫ್ಲಶ್ ಒತ್ತುವವರು ಮತ್ತು ಆ ನೀರು ಇಂಗಿದ ನೆಲದಲ್ಲಿ ಟೊಮೆಟೊ ಬೆಳೆಯುವವರು ಎದುರುಬದುರು ಕೂತು ಮಾತಾಡಿದ್ದು ಎಲ್ಲಿ? ಆ ಟೊಮೆಟೊ ಮತ್ತೆ ಅದೇ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಒಬ್ಬ ಕಲಾವಿದೆ ಆ ಕೊಳವೆಯ ಉದ್ದಕ್ಕೂ ನಡೆದು, ಕೆರೆ ಕೆರೆಯ ನೀರನ್ನು ಒಂದೊಂದು ಬಾಟಲಿಯಲ್ಲಿ ತುಂಬಿ, ಅದರ ಪಕ್ಕ ಆ ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರ ಮಾತು ಇಟ್ಟರೆ ಹೇಗಿರುತ್ತದೆ ಯೋಚಿಸಿ. ಕೋರ್ಟಿನಲ್ಲಿ ಗೆಲ್ಲಬೇಕು, ವರದಿಯಲ್ಲಿ ಮುಗಿಸಬೇಕು. ಪ್ರದರ್ಶನದಲ್ಲಿ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಇರಬಹುದು. ನೀರಿಗೆ ಗತಿ ಇಲ್ಲದ ಜಿಲ್ಲೆಗೇ ಅಂಥ ಜಾಗ ಬೇಕು.

ಭಾಷೆಯ ವಿಚಾರ. ಮುಳಬಾಗಿಲು, ಶ್ರೀನಿವಾಸಪುರ ಕಡೆ ಮನೆಮಾತು ತೆಲುಗು, ಶಾಲೆಯ ಓದು ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪೇಟೆಯಲ್ಲಿ ಉರ್ದುವೂ ಬೇಕು. ಸಂತಕವಿ ಕೈವಾರ ತಾತಯ್ಯನವರ ತತ್ವಪದ ತೆಲುಗಿನಲ್ಲೂ ಇದೆ, ಕನ್ನಡದವರೂ ಹಾಡುತ್ತಾರೆ. ಬರೆದ ಫಲಕ ಕನ್ನಡದಲ್ಲಿ ದೊಡ್ಡದಾಗಿ ಇರಲಿ. ಕೇಳುವ ಮಾತು ಆಯಾ ಮನೆಯ ಭಾಷೆಯಲ್ಲಿ ಇರಲಿ. ಬರೀ ಇಂಗ್ಲಿಷ್ ಫಲಕ ಹಾಕಿದ ಪ್ರದರ್ಶನಗಳನ್ನು ನಾನು ಈ ಜಿಲ್ಲೆಯಲ್ಲೇ ನೋಡಿದ್ದೇನೆ, ತುಂಬಾ ಬೇಜಾರಾಗಿದೆ.

ಹೆಸರಿನ ವಿಚಾರವೂ ಇದರ ಪಕ್ಕದ್ದೇ. ಅವತ್ತಿನ ಆಮಂತ್ರಣ ಪತ್ರಿಕೆಯಲ್ಲಿ ಚಿತ್ರ ಬರೆದವರ ಹೆಸರು, ಊರು, ಓದು ಎಲ್ಲ ಇತ್ತು. ತಮಟೆಯವರ ಸಾಲಿನಲ್ಲಿ "ಸ್ಥಳೀಯ ಜಾನಪದ ಕಲಾವಿದರಿಂದ" ಅಂತ ಮಾತ್ರ. ಆರು ಹೆಸರು ಬರೆಯಲು ಎಷ್ಟು ಜಾಗ ಬೇಕಿತ್ತು? ಹೆಸರು ಬಿಟ್ಟರೆ ಮುಂದಿನ ಸಲ ಅವರನ್ನೇ ಕರೆಯುವ ದಾರಿಯೂ ಇಲ್ಲ, ಅವರೇ ಬಾರಿಸಿದ್ದು ಅನ್ನುವ ದಾಖಲೆಯೂ ಇಲ್ಲ. ಗೌರವಧನ ಕೇಳಲು ಹೋದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ದುಡ್ಡು ಎಲ್ಲಿಂದ ಬರಬೇಕು? 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ, ಪರಂಪರೆ ಆ ಪಟ್ಟಿಯಲ್ಲಿ ಇವೆ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆಗಳ ಸಾಲೇ ಇದೆ. ಕೇಳಬಹುದು, ಕೇಳಬೇಕು. ಆದರೆ ಮೊದಲ ದಿನವೇ ಕಾಗದದಲ್ಲಿ ಒಂದು ಸಾಲು ಬೇಕು: ಏನು ತೋರಿಸಬೇಕು ಅನ್ನುವುದು ಕೇಂದ್ರದ ತೀರ್ಮಾನ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಇವತ್ತು ಅಲ್ಲಿನ ಹಾಸ್ಟೆಲ್‌ಗಳಲ್ಲಿ ದೂರದ ಊರುಗಳಿಂದ ಬಂದ ಹುಡುಗಿಯರಿದ್ದಾರೆ. ಅವರು ಫೋನಿನಲ್ಲೇ ಸಣ್ಣ ಸಣ್ಣ ವಿಡಿಯೋ ಮಾಡುತ್ತಾರೆ, ಕುಣಿಯುತ್ತಾರೆ, ಅಮ್ಮನಿಗೆ ಕಳಿಸುತ್ತಾರೆ. ಈ ಜಿಲ್ಲೆಯ ಈ ಹೊತ್ತಿನ ಕಲೆ ಅದು. ಆ ಹುಡುಗಿಯರು ಪಾಳಿಯ ದಣಿವಿನ ಬಗ್ಗೆ, ಸಂಬಳದ ಬಗ್ಗೆ ಏನಾದರೂ ಮಾಡಿದರೆ ದುಡ್ಡು ಕೊಟ್ಟವರಿಗೆ ಇಷ್ಟವಾಗದೆ ಇರಬಹುದು. ಆಗಲೂ ಅದು ಗೋಡೆಯ ಮೇಲೆ ಉಳಿಯಬೇಕು.

ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ಹೊಸ ಕಟ್ಟಡವೇ ಬೇಡ. ಬಾಡಿಗೆಗೆ ಎರಡು ಕೋಣೆ, ಒಂದು ಅಂಗಳ ಸಾಕು. ಕಟ್ಟಡಕ್ಕೆ ಹಾಕುವ ದುಡ್ಡಲ್ಲಿ ಒಬ್ಬ ಮುಖ್ಯ ಕ್ಯುರೇಟರ್‌ಗೆ ಐದು ವರ್ಷದ ಸಂಬಳ ಗಟ್ಟಿ ಮಾಡಿ. ಅವರು ಬೆಂಗಳೂರಿನಿಂದ ಬಂದರೂ ಪರವಾಗಿಲ್ಲ, ಇಲ್ಲಿ ಮನೆ ಮಾಡಿ ಇರಬೇಕು ಅಷ್ಟೆ. ಅವರ ಜೊತೆ ಇಬ್ಬರು ಈ ಜಿಲ್ಲೆಯ ಹುಡುಗ ಹುಡುಗಿಯರು ಪೂರ್ಣ ಸಂಬಳದಲ್ಲಿ ಕಲಿಯಬೇಕು, ಐದು ವರ್ಷ ಆದಮೇಲೆ ಅವರಲ್ಲೊಬ್ಬರು ಮುಂದೆ ನಿಲ್ಲಬೇಕು. ಸರ್ಕಾರಿ ಶಾಲೆಯ ಮೇಷ್ಟ್ರುಗಳನ್ನು ಬಿಡಬಾರದು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 'ಕಲಿ ಕಲಿಸು' ಅನ್ನುವ ಕಾರ್ಯಕ್ರಮದಲ್ಲಿ ಕರ್ನಾಟಕದ ಶಾಲೆಗಳ ಜೊತೆ ಮಾಡಿದ ಕೆಲಸ ನೋಡಿದರೆ ಮೇಷ್ಟ್ರುಗಳ ಬಲ ಎಂಥದ್ದು ಅಂತ ಗೊತ್ತಾಗುತ್ತದೆ.

ಒಂದು ಸಮಿತಿಯೂ ಬೇಕು. ತಮಟೆ ಬಾರಿಸುವವರು, ನಿವೃತ್ತ ಗಣಿ ಕಾರ್ಮಿಕರು, ಕಾರ್ಖಾನೆಯ ಹುಡುಗಿ, ರೇಷ್ಮೆ ಬೆಳೆಯುವ ಹೆಂಗಸು, ಒಬ್ಬ ಮೇಷ್ಟ್ರು. ಸಭೆಗೆ ಬಂದ ದಿನದ ಕೂಲಿ ಅವರಿಗೆ ಸಿಗಬೇಕು. ಇಲ್ಲವಾದರೆ ಕೂಲಿ ಬಿಟ್ಟು ಬರಲಾಗದವರು ಎರಡನೇ ಸಭೆಗೆ ಬರುವುದಿಲ್ಲ, ಕೊನೆಗೆ ಸಂಬಳ ಇರುವವರೇ ಉಳಿಯುತ್ತಾರೆ. ಇನ್ನೊಂದು, ತಮ್ಮ ಊರಿನ, ತಮ್ಮ ಮನೆಯ ವಸ್ತುವಿನ ವಿಚಾರದಲ್ಲಿ "ಇದು ಬೇಡ" ಅನ್ನುವ ಅಧಿಕಾರ ಅವರಿಗೆ ಇರಬೇಕು. ಬರೀ ಸಲಹೆ ಕೇಳುವ ಸಮಿತಿಗಳನ್ನು ಜನ ಬಹಳ ನೋಡಿದ್ದಾರೆ.

ಬೇಡ ಅನ್ನುವ ಅಧಿಕಾರ ಯಾಕೆ ಅಂತ ಹೇಳಲು ಕೆಜಿಎಫ್‌ಗೆ ಹೋಗಬೇಕು. ನೂರಿಪ್ಪತ್ತು ವರ್ಷದಲ್ಲಿ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಇವತ್ತು ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳಿವೆ, ಗಾಳಿ ಎದ್ದರೆ ಆ ಬಿಳಿ ಧೂಳು ಮನೆಯೊಳಗೆ ಬಂದು ತಟ್ಟೆಯ ಮೇಲೆ ಕೂರುತ್ತದೆ. ಅದೇ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. 'ಕೆಜಿಎಫ್' ಸಿನಿಮಾ ಬಂದ ಮೇಲೆ ಕ್ಯಾಮೆರಾ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ. ಬರುತ್ತಾರೆ, ತೆಗೆಯುತ್ತಾರೆ, ಹೋಗುತ್ತಾರೆ.

ಗಣಿ ಕಾರ್ಮಿಕರ ಲೈನಿನ ಒಂದು ಮನೆಗೆ ನಾನು ಗೆಳೆಯನ ಜೊತೆ ಹೋಗಿದ್ದೆ. ಎರಡು ಕೋಣೆಯ ಮನೆ, ತಗ್ಗಿದ ಬಾಗಿಲು. ಕಪಾಟಿನಲ್ಲಿ ಹಿತ್ತಾಳೆಯ ಕಾರ್ಬೈಡ್ ದೀಪ. ಆ ಮನೆಯ ಅಮ್ಮನ ಮಾವ ಗಣಿಗೆ ಹಿಡಿದುಕೊಂಡು ಇಳಿಯುತ್ತಿದ್ದ ದೀಪ. ಅದರ ಮೇಲೆ ಗೋಡೆಯಲ್ಲಿ ಅವರ ಗಂಡನ ಫೋಟೋ. ಪಕ್ಕದಲ್ಲಿ ಇನ್ನೊಂದು ಮೊಳೆ, ಅದರ ಕೆಳಗೆ ಚೌಕಾಕಾರದ ತಿಳಿ ಗುರುತು. ಅಲ್ಲಿ ಮಾವನ ಫೋಟೋ ಇತ್ತಂತೆ. "ಯಾರೋ ಎಕ್ಸಿಬಿಷನ್‌ಗೆ ಅಂತ ತಗೊಂಡೋದ್ರು ಸಾರ್. ಒಂದು ವಾರ ಅಂದ್ರು. ವಾಪಸ್ ಕೊಡ್ಲಿಲ್ಲ. ಅವರ ನಂಬರೂ ಸಿಗಲ್ಲ" ಅಂದರು. ಇದ್ದದ್ದು ಅದೊಂದೇ ಫೋಟೋ.

ಇನ್ನು ಮುಂದೆ ಯಾರಿಗೂ ಏನನ್ನೂ ಕೊಡುವುದಿಲ್ಲವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ದೀಪ ಒರೆಸುತ್ತಾ ಕೂತರು. ಬರೆದು ಕೊಟ್ಟರೆ ದೀಪ ಕೊಡುತ್ತೇನೆ ಅಂದರು. ಯಾರು ತಗೊಂಡರು, ಯಾವ ದಿನ ವಾಪಸ್, ಎಲ್ಲ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಅದರ ಒಂದು ಪ್ರತಿ ತಮಗೆ ಬೇಕು. ಗಂಡನ ಫೋಟೋಗೆ ಇನ್ನೊಂದು ಷರತ್ತು ಇತ್ತು. ಅವರು ತೀರಿಕೊಂಡದ್ದು ಫೆಬ್ರವರಿ ಕೊನೆಯ ವಾರ. ಗಣಿ ಮುಚ್ಚಿದ ದಿನವೂ ಅದೇ ವಾರ. ಗಣಿಯ ಬಗ್ಗೆ ಯಾರೇ ಪ್ರದರ್ಶನ ಮಾಡಿದರೂ ಆ ವಾರವನ್ನೇ ಹಿಡಿಯುತ್ತಾರೆ ಅಂತ ನಾನು ಹೇಳಿದೆ.

"ಆ ವಾರ ಫೋಟೋ ಮನೇಲೇ ಇರ್ಬೇಕು ಸಾರ್, ಮಾಲೆ ಹಾಕ್ಬೇಕು" ಅಂದರು. "ನೋಡೋರು ಇಲ್ಲಿಗೇ ಬರ್ಲಿ. ಟೀ ಕೊಡ್ತೀನಿ."